ಮೇಪಲ್ ರಸಕ್ಕೆ ನಿರ್ವಾತ ಯಂತ್ರ: ಆರಿಸುವ ಬಗೆ

ಕೆನಡಾ ದೇಶದ ಬಾವುಟವನ್ನು ತಾವೆಲ್ಲರೂ ಕಂಡಿರುತ್ತೀರಿ. ಎರಡು ಕೆಂಪು ಪಟ್ಟೆಗಳ ನಡುವಣ ಬಿಳಿಯ ಬಯಲಿನಲ್ಲಿ ಒಂದು ಕೆಂಪು ಎಲೆ. 1965ನೆಯ ಇಸವಿಯ ಫೆಬ್ರವರಿ 15ರಂದು ಆ ಬಾವುಟ ಮೊದಲ ಬಾರಿಗೆ ಏರಿತು. ಆ ಎಲೆ ಮೇಪಲ್ ಮರದ್ದು. ಒಂದು ದೇಶ ತನ್ನ ಗುರುತಾಗಿ ಹುಲಿಯನ್ನಲ್ಲ, ಸಿಂಹವನ್ನಲ್ಲ, ಒಂದು ಮರದ ಎಲೆಯನ್ನು ಆರಿಸಿಕೊಳ್ಳಬೇಕಾದರೆ ಆ ಮರಕ್ಕೂ ಅಲ್ಲಿಯ ಜನಕ್ಕೂ ಏನೋ ಒಂದು ಗಾಢವಾದ ನಂಟು ಇರಲೇಬೇಕು. ನಮ್ಮಲ್ಲಿ ತೆಂಗಿಗೆ ಕಲ್ಪವೃಕ್ಷವೆಂಬ ಹೆಸರು ಬಂದಂತೆ, ಅಲ್ಲಿ ಮೇಪಲ್ ಮರಕ್ಕೆ ಅಂಥ ಸ್ಥಾನ ಬಂದಿದೆ. ಅದರ ಮೈಯಿಂದ ವಸಂತದ ಹೊಸ್ತಿಲಲ್ಲಿ ಸಿಹಿ ರಸ ಇಳಿಯುತ್ತದೆ. ಅದನ್ನು ಕಾಯಿಸಿ ಹೊಂಬಣ್ಣದ ಪಾಕ ಮಾಡುತ್ತಾರೆ.

ಈ ವಿದ್ಯೆಯನ್ನು ಮೊದಲು ಬಲ್ಲವರು ಅಲ್ಲಿಯ ಮೂಲನಿವಾಸಿಗಳು. ಐರೋಪ್ಯರು ಬರುವುದಕ್ಕೆ ಬಹು ಹಿಂದೆಯೇ ಅಬೆನಾಕಿ, ಅನಿಶಿನಾಬೆ, ಹೌಡೆನೊಸೌನಿ ಮೊದಲಾದ ಜನಾಂಗದವರು ಮರದ ರಸವನ್ನು ಸಂಗ್ರಹಿಸುತ್ತಿದ್ದರು. ಇಂದು ಜಗತ್ತಿನ ಮೇಪಲ್ ಪಾಕದಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು ಕೆನಡಾದ ಕ್ವಿಬೆಕ್ ಪ್ರಾಂತವೊಂದರಿಂದಲೇ ಬರುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವರ್ಮಾಂಟ್ ಎಂಬ ಪುಟ್ಟ ರಾಜ್ಯ ಮೊದಲ ಸ್ಥಾನದಲ್ಲಿದೆ. ಟೊರಾಂಟೊ, ಮಾಂಟ್ರಿಯಲ್ ಕಡೆ ನೆಲೆಸಿರುವ ನಮ್ಮವರು ಊರಿಗೆ ಬರುವಾಗ ಒಂದು ಸಣ್ಣ ಸೀಸೆ ತಂದುಕೊಡುವುದುಂಟು. ದೋಸೆಯ ಮೇಲೆ ಹನಿಸಿಕೊಂಡು ತಿಂದು, ಬೆಲೆ ಕೇಳಿ, ಇಷ್ಟು ಬೆಲೆಯೇ ಎಂದು ಹುಬ್ಬೇರಿಸುವವರೂ ಉಂಟು. ಆ ಬೆಲೆಯ ಹಿಂದಿರುವ ದುಡಿಮೆಯ ಒಂದು ಭಾಗವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಮರದಿಂದ ರಸ ತೆಗೆಯಲು ಬಳಸುವ ನಿರ್ವಾತ ಯಂತ್ರವನ್ನು ಅಲ್ಲಿಯ ರೈತ ಹೇಗೆ ಆರಿಸಬೇಕು ಎಂಬುದೇ ಈ ಭಾಷಣದ ವಿಷಯ. ನಾನು ಕನ್ನಡ ಪಾಠ ಹೇಳುವವನು, ಯಂತ್ರದ ಅಂಗಡಿಯವನಲ್ಲ. ಆದುದರಿಂದ ಯಾವ ಕಂಪನಿಯ ಯಂತ್ರ ಮೇಲೆಂದು ಹೇಳುವ ಗೋಜು ನನಗಿಲ್ಲ. ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳೇನು ಎಂಬುದನ್ನಷ್ಟೇ ನೋಡೋಣ.

ಮೊದಲು ಮರದ ವಿಚಾರ. ನಮ್ಮ ಈಚಲು, ಬಗನಿ, ತೆಂಗುಗಳಿಂದ ನೀರಾ ಇಳಿಸುವುದನ್ನು ತಾವು ಬಲ್ಲಿರಿ. ಅಲ್ಲಿ ಬಿಸಿಲುನಾಡಿನ ಮರ ತನ್ನ ಹೂಗೊಂಚಲಿಗೋ ಸುಳಿಗೋ ಕಳುಹಿಸುವ ಸಿಹಿಯನ್ನು ನಾವು ನಡುವೆ ತಡೆದು ಪಡೆಯುತ್ತೇವೆ. ಮೇಪಲ್ ಮರದ ರೀತಿ ಬೇರೆ. ಅದರ ರಸ ಹರಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಇರಬೇಕು. ಹಗಲು ಮಂಜು ಕರಗುವಷ್ಟು ಬೆಚ್ಚಗಾಗಬೇಕು. ರಾತ್ರಿ ಚಳಿಗೆ ಕಾಂಡದೊಳಗಿನ ನಾರುಗಳಲ್ಲಿರುವ ಗಾಳಿ ಕುಗ್ಗುತ್ತದೆ, ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಮರ ಬೇರಿನಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಗಲು ಮಂಜು ಕರಗಿ, ಗಾಳಿ ಹಿಗ್ಗಿ, ಒಳಗೆ ಒತ್ತಡ ಹುಟ್ಟುತ್ತದೆ. ಆಗ ಕಾಂಡದಲ್ಲಿ ಒಂದು ರಂಧ್ರವಿದ್ದರೆ ಅದರ ಮೂಲಕ ರಸ ಹೊರಗೆ ಬರುತ್ತದೆ. ಇಂಥ ರಾತ್ರಿ ಹಗಲುಗಳು ಕೂಡಿಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ, ಒಂದೊಂದು ಊರಿನಲ್ಲಿ ನಾಲ್ಕಾರು ವಾರ ಮಾತ್ರ. ಮೊಗ್ಗು ಒಡೆಯತೊಡಗಿದರೆ ರಸದ ರುಚಿ ಕೆಡುತ್ತದೆ. ಅಲ್ಲಿಗೆ ವರ್ಷದ ಸುಗ್ಗಿ ಮುಗಿಯಿತು.

ಇನ್ನು ಸಿಹಿಯ ಲೆಕ್ಕ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೀಳುವ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದಕ್ಕೂ ಮೇಲ್ಪಟ್ಟು ಸಕ್ಕರೆ ಇರುವುದುಂಟು. ಮೇಪಲ್ ರಸದಲ್ಲಿರುವುದು ನೂರಕ್ಕೆ ಸುಮಾರು 2 ಪಾಲು. ಬಾಯಿಗೆ ಹಾಕಿಕೊಂಡರೆ ನೀರೋ ರಸವೋ ಎಂದು ಸಂದೇಹ ಬರುವಷ್ಟು ತೆಳು. ಅಲ್ಲಿಯ ರೈತರು ಬಳಸುವ ಒಂದು ಸುಲಭ ಸೂತ್ರವಿದೆ. ಅದನ್ನು ಎಂಬತ್ತಾರರ ಸೂತ್ರವೆನ್ನುತ್ತಾರೆ. 86ನ್ನು ರಸದ ಸಿಹಿಯ ಅಂಶದಿಂದ ಭಾಗಿಸಿದರೆ ಒಂದು ಲೀಟರ್ ಪಾಕಕ್ಕೆ ಎಷ್ಟು ಲೀಟರ್ ರಸ ಬೇಕೆಂಬುದು ಬರುತ್ತದೆ. ಸಿಹಿ 2 ಆದರೆ 43 ಲೀಟರ್ ರಸಕ್ಕೆ 1 ಲೀಟರ್ ಪಾಕ. ಉಳಿದ 42 ಲೀಟರ್ ನೀರನ್ನು ಆವಿಯಾಗಿಸಬೇಕು. ಇದನ್ನು ಕೇಳಿದ ಮೇಲೆ ಆ ಸೀಸೆಯ ಬೆಲೆ ಅಷ್ಟೇನೂ ಹೆಚ್ಚೆನಿಸುವುದಿಲ್ಲ.

ಹಿಂದೆ ಪ್ರತಿ ಮರಕ್ಕೂ ಒಂದು ಬಕೆಟ್ ತೂಗುಹಾಕಿ, ಹಿಮದಲ್ಲಿ ನಡೆದು, ಕುದುರೆಯ ಜಾರುಬಂಡಿಯಲ್ಲಿ ರಸವನ್ನು ತರುತ್ತಿದ್ದರು. 1916ರಲ್ಲಿಯೇ ನ್ಯೂಯಾರ್ಕ್ ರಾಜ್ಯದಲ್ಲಿ ಲೋಹದ ಕೊಳವೆಗಳ ಒಂದು ಏರ್ಪಾಡು ಹೊರಟಿತಾದರೂ ಅದು ವ್ಯಾಪಕವಾಗಲಿಲ್ಲ. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಕೊಳವೆ ಬಂದ ಮೇಲೆ ಚಿತ್ರ ಬದಲಾಯಿತು. ಮರದಿಂದ ಮರಕ್ಕೆ ಕೊಳವೆ ಕಟ್ಟಿ, ಇಳಿಜಾರಿನಲ್ಲಿ ರಸ ತಾನಾಗಿ ಹರಿದು ತೊಟ್ಟಿಗೆ ಬರುವಂತಾಯಿತು. ಕೊಳವೆ ಬಂದೊಡನೆ ಮುಂದಿನ ಯೋಚನೆ ಸಹಜವಾಗಿಯೇ ಹುಟ್ಟಿತು: ಆ ಕೊಳವೆಯೊಳಗಿನ ಗಾಳಿಯನ್ನು ತೆಗೆದುಬಿಟ್ಟರೆ ಹೇಗೆ?

ಇಲ್ಲಿ ಶಬ್ದದ ವಿಚಾರವಾಗಿ ಒಂದು ಮಾತು. ಹಳೆಯ ಅಭ್ಯಾಸ, ಕ್ಷಮಿಸಬೇಕು. ವ್ಯಾಕ್ಯೂಮ್ ಎಂಬುದಕ್ಕೆ ನಾವು ನಿರ್ವಾತವೆನ್ನುತ್ತೇವೆ, ಎಂದರೆ ಗಾಳಿಯಿಲ್ಲದ್ದು. ಆದರೆ ಈ ಕೊಳವೆಗಳಲ್ಲಿ ಗಾಳಿ ಪೂರ್ತಿ ಇಲ್ಲವೆಂದಲ್ಲ. ಹೊರಗಿನದಕ್ಕಿಂತ ಕಡಮೆ ಎಂದಷ್ಟೇ ಅರ್ಥ. ಇನ್ನೊಂದು ಶಬ್ದ ‘ಹೀರುವುದು’. ಯಂತ್ರ ಮರದ ರಸವನ್ನು ಹೀರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದವರಿಗೆ ಜಿಗಣೆಯ ನೆನಪಾಗುತ್ತದೆ. ಮರದ ಬಗ್ಗೆ ಮರುಕ ಹುಟ್ಟುತ್ತದೆ. ವಸ್ತುಸ್ಥಿತಿ ಹಾಗಲ್ಲ. ಮರದ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಿರುವವರೆಗೆ ರಸ ಹೊರಬರುತ್ತದೆ. ಎರಡೂ ಸಮನಾದೊಡನೆ ನಿಲ್ಲುತ್ತದೆ. ಬಾಗಿಲಿನ ಹೊರಗೆ ಒಬ್ಬ ಬಲವಾಗಿ ಒತ್ತಿ ನಿಂತಿದ್ದರೆ ಒಳಗಿನವನು ಬಾಗಿಲು ತೆಗೆಯಲಾರನಷ್ಟೆ. ಪಂಪು ಮಾಡುವ ಕೆಲಸ ಹೊರಗೆ ನಿಂತವನನ್ನು ಪಕ್ಕಕ್ಕೆ ಸರಿಸುವುದು. ಆದುದರಿಂದ ಚಳಿ ಮತ್ತು ಬಿಸಿಲಿನ ಆಟ ಅಷ್ಟು ಚೆನ್ನಾಗಿ ನಡೆಯದ ದಿನಗಳಲ್ಲಿಯೂ ರಸ ಹರಿಯುತ್ತದೆ; ಹರಿಯುವ ದಿನಗಳಲ್ಲಿ ಹೆಚ್ಚು ಹೊತ್ತು ಹರಿಯುತ್ತದೆ.

ನಿರ್ವಾತವನ್ನು ಅಳೆಯುವುದು ಪಾದರಸದ ಇಂಚುಗಳಲ್ಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 30 ಇಂಚು ಪಾದರಸದ ಕಂಬಕ್ಕೆ ಸಮ. ಅದರಲ್ಲಿ ಎಷ್ಟು ಇಂಚನ್ನು ಕೊಳವೆಯಿಂದ ತೆಗೆದಿದ್ದೇವೆ ಎಂಬುದೇ ಅಳತೆ. ಒಂದು ಇಂಚು ನಿರ್ವಾತ ಹೆಚ್ಚಿದರೆ ಆ ಮರದ ರಸ ನೂರಕ್ಕೆ 5ರಿಂದ 7 ಪಾಲು ಹೆಚ್ಚುತ್ತದೆ ಎಂಬುದು ಅಲ್ಲಿಯ ವಿಶ್ವವಿದ್ಯಾನಿಲಯಗಳ ಪ್ರಯೋಗಗಳಿಂದ ತಿಳಿದುಬಂದ ಅಂದಾಜು. 20 ಇಂಚು ಸಿಕ್ಕಿದರೆ ರಸ ಇಮ್ಮಡಿಯಾಯಿತೆಂದೇ ಅರ್ಥ. ಇಂದು ಒಳ್ಳೆಯ ತೋಪುಗಳಲ್ಲಿ 25 ಇಂಚಿಗೂ ಮೇಲೆ ಇಡುತ್ತಾರೆ. ಆದರೆ ಬೆಟ್ಟದ ಮೇಲಿನ ತೋಪಿನವನು ಒಂದನ್ನು ನೆನಪಿಡಬೇಕು. ಸುಮಾರು 1,000 ಅಡಿ ಎತ್ತರ ಏರಿದಂತೆ ಗಾಳಿಯ ಒತ್ತಡವೇ 1 ಇಂಚಿನಷ್ಟು ಇಳಿಯುತ್ತದೆ. 2,000 ಅಡಿಯ ಮೇಲೆ ಇರುವುದೇ 28 ಇಂಚು. ಅಲ್ಲಿ ಯಾರಾದರೂ 29 ಇಂಚು ಕೊಡುವ ಯಂತ್ರ ಮಾರುತ್ತೇನೆಂದರೆ ಅದು ಇಲ್ಲದ ಗಾಳಿಯನ್ನು ತೆಗೆಯುವ ಮಾತು.

ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ವರ್ಮಾಂಟ್‌ನ ಬೆಟ್ಟದ ತಪ್ಪಲಿನಲ್ಲಿ ಅವನಿಗೆ 400 ರಂಧ್ರ ಹಾಕಬಹುದಾದ ಮೇಪಲ್ ತೋಪಿದೆ. ಬರಿಯ ಇಳಿಜಾರಿನ ಕೊಳವೆಯಿಂದ ರಂಧ್ರವೊಂದಕ್ಕೆ ವರ್ಷಕ್ಕೆ ಸುಮಾರು 40 ಲೀಟರ್ ರಸ ಬರುತ್ತದೆಯೆನ್ನೋಣ. ಒಟ್ಟು 16,000 ಲೀಟರ್. ಪಾಕ ಸುಮಾರು 370 ಲೀಟರ್. ಒಳ್ಳೆಯ ನಿರ್ವಾತದಿಂದ ರಸ ಇಮ್ಮಡಿಯಾದರೆ 32,000 ಲೀಟರ್. ಪಾಕ 740 ಲೀಟರ್. ಮರ ಅಷ್ಟೇ, ರಂಧ್ರ ಅಷ್ಟೇ, ಆದಾಯ ಇಮ್ಮಡಿ. ಸಾಲ ಮಾಡಿಯಾದರೂ ಯಂತ್ರ ಕೊಳ್ಳಬೇಕೆಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಂಗಡಿಗೆ ಹೋಗುವ ಮುನ್ನ ಅವನು ತನ್ನ ಒಲೆಯನ್ನು ನೋಡಿಕೊಳ್ಳಬೇಕು. ರಸ ಬೇಗ ಕೆಡುವ ವಸ್ತು. ಬಂದ ದಿನವೇ ಕಾಯಿಸುವುದು ಕ್ಷೇಮ. ದಿನಕ್ಕೆ ಇಷ್ಟೇ ಕಾಯಿಸಬಲ್ಲ ಬಾಣಲೆಗೆ ಇಮ್ಮಡಿ ರಸ ಬಂದರೆ ಹೆಚ್ಚಿನದು ಹುಳಿಯಾಗಿ ಚರಂಡಿಗೆ ಹೋಗುತ್ತದೆ. ಅಂಥವನಿಗೆ ಮೊದಲು ಬೇಕಾದದ್ದು ಪಂಪಲ್ಲ, ದೊಡ್ಡ ಒಲೆ. ಇಲ್ಲವೇ ರಸದಿಂದ ನೀರನ್ನು ಸೋಸಿ ತೆಗೆಯುವ ಯಂತ್ರ. ಅದು 2 ಪಾಲಿನ ರಸವನ್ನು 8 ಪಾಲಿಗೆ ಏರಿಸಿದರೆ ಮುಕ್ಕಾಲು ಭಾಗ ನೀರು ಒಲೆಯ ಮುಖ ಕಾಣದೆಯೇ ಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಗಾದೆ. ಇಲ್ಲಿ ಕುಲಾವಿ ಹೊಲಿಸಿಯೇ ಕೂಸನ್ನು ಕರೆಯಬೇಕು.

ಎರಡನೆಯ ಪ್ರಶ್ನೆ, ನೆಲದ ಓರೆ ಎಷ್ಟು? ಇದು ಬಹು ಮುಖ್ಯ. ತೋಪು ಕಡಿದಾದ ಇಳಿಜಾರಿನಲ್ಲಿದ್ದರೆ ಪಂಪೇ ಬೇಕಾಗದೆ ಹೋಗಬಹುದು. ಸಾಮಾನ್ಯ ಕೊಳವೆಯ ಒಳ ಅಗಲ ಒಂದು ಇಂಚಿನ ಹದಿನಾರರಲ್ಲಿ ಐದು ಪಾಲು. ಅದರ ಬದಲು ಹದಿನಾರರಲ್ಲಿ ಮೂರು ಪಾಲಿನ ಸಣ್ಣ ಕೊಳವೆ ಹಾಕಿದರೆ, ಅದು ರಸದಿಂದ ತುಂಬಿಕೊಂಡು ಒಂದು ಅಖಂಡ ನೀರಿನ ಕಂಬವಾಗುತ್ತದೆ. ಆ ಕಂಬ ತನ್ನ ತೂಕದಿಂದ ಕೆಳಗೆ ಜಗ್ಗಿದಾಗ ಮೇಲೆ ತಾನಾಗಿ ನಿರ್ವಾತ ಉಂಟಾಗುತ್ತದೆ. ಮರದಿಂದ ಕೆಳಕ್ಕೆ ಒಂದು ಅಡಿ ಇಳುಕಲಿದ್ದರೆ ಸುಮಾರು 0.88 ಇಂಚು ನಿರ್ವಾತ. 30 ಅಡಿ ಇಳುಕಲಿದ್ದರೆ 26 ಇಂಚು. ವಿದ್ಯುತ್ತಿಲ್ಲ, ಎಣ್ಣೆಯಿಲ್ಲ, ಸದ್ದಿಲ್ಲ. ಆದರೆ ಎರಡು ಎಚ್ಚರಿಕೆ. ಇಳುಕಲು ಮರದಿಂದ ಕೆಳಗಡೆ ಇರಬೇಕು. ಮರದ ಮೇಲಿರುವ ಬೆಟ್ಟ ಆ ಮರಕ್ಕೆ ಉಪಯೋಗವಿಲ್ಲ. ಕೊಳವೆಯ ಕೊನೆಯಲ್ಲಿರುವ ಮರಗಳಿಗೆ ಆದುದರಿಂದ ಲಾಭ ಕಡಮೆ. ಎರಡನೆಯದಾಗಿ, ಸಣ್ಣ ಕೊಳವೆಯ ಕೀಲುಗಳಲ್ಲಿ ಲೋಳೆ ಕಟ್ಟುತ್ತದೆ. ಮೊದಲ ವರ್ಷ ಸೊಗಸಾಗಿ ಹರಿದದ್ದು ಎರಡನೆಯ, ಮೂರನೆಯ ವರ್ಷಕ್ಕೆ ಮಂಕಾಗುತ್ತದೆ. ಸುಗ್ಗಿ ಮುಗಿದ ಮೇಲೆ ಶುಚಿಮಾಡುವ ತಾಳ್ಮೆ ಇಲ್ಲದವನು ಈ ದಾರಿಗೆ ಹೋಗಬಾರದು.

ನೆಲ ಸಮವಾಗಿದ್ದರೆ, ಅಥವಾ ರಂಧ್ರಗಳು ಸಾವಿರಕ್ಕೇರಿದರೆ ಪಂಪು ಬೇಕು. ಪಂಪುಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ.

ಮೊದಲನೆಯದು ಡಯಾಫ್ರಮ್ ಪಂಪು. ರಬ್ಬರಿನ ಪೊರೆಯೊಂದು ನಮ್ಮ ಎದೆಯೊಳಗಿನ ವಪೆಯಂತೆ ಹಿಂದೆ ಮುಂದೆ ಆಡುತ್ತದೆ. ಇದು ಗಾಳಿಯನ್ನೂ ರಸವನ್ನೂ ಒಟ್ಟಿಗೆ ನುಂಗಿ ತೊಟ್ಟಿಗೆ ಕಕ್ಕುವುದರಿಂದ ಬೇರೆ ಸಲಕರಣೆ ಅಷ್ಟಾಗಿ ಬೇಡ. 12 ವೋಲ್ಟಿನ ಬ್ಯಾಟರಿಯಿಂದಲೂ ನಡೆಯುತ್ತದೆ. ಬಿಸಿಲಿನ ಫಲಕವಿದ್ದರೆ ವಿದ್ಯುತ್ ತಂತಿ ಬಾರದ ಕಾಡಿನಲ್ಲಿಯೂ ಆದೀತು. ಕೆಲವು ನೂರು ರಂಧ್ರಗಳಿಗೆ ಇದು ಬಡವನ ಬಂಧು. ಆದರೆ ಅದರ ಶಕ್ತಿ ಅಲ್ಪ. ಕೊಳವೆಯಲ್ಲಿ ಸಣ್ಣ ತೂತು ಬಿದ್ದರೂ ಸೋಲುತ್ತದೆ. ಒಳಗೆ ರಸ ನಿಂತು ರಾತ್ರಿ ಹೆಪ್ಪುಗಟ್ಟಿದರೆ ಪೊರೆ ಒಡೆಯುತ್ತದೆ.

ಎರಡನೆಯದು ರೆಕ್ಕೆಯ ಪಂಪು. ಒಂದು ಉರುಳೆಯೊಳಗೆ ಜಾರುವ ಹಲಗೆಗಳು ತಿರುಗುತ್ತ ಗಾಳಿಯನ್ನು ಗುಡಿಸಿ ಹೊರಹಾಕುತ್ತವೆ. ಎಣ್ಣೆ ಅವುಗಳಿಗೆ ಜಾರುವಿಕೆಯನ್ನೂ ಮುಚ್ಚಳವನ್ನೂ ಒದಗಿಸುತ್ತದೆ. ವರ್ಮಾಂಟ್ ಹೈನುಗಾರಿಕೆಯ ನಾಡು. ಹಾಲು ಕರೆಯುವ ಯಂತ್ರದ ಹಳೆಯ ಪಂಪುಗಳು ಅಗ್ಗಕ್ಕೆ ಸಿಗುತ್ತಿದ್ದುದರಿಂದ ಬಹಳ ಮಂದಿ ಇದರಿಂದಲೇ ಆರಂಭಿಸಿದರು. ಆದರೆ ಹಸುವಿನ ಕೆಚ್ಚಲಿಗೆ ಬೇಕಾದದ್ದು 15 ಇಂಚಿನ ಒಳಗಿನ ನಿರ್ವಾತ. ಅದಕ್ಕಾಗಿ ಮಾಡಿದ ಯಂತ್ರವನ್ನು 25 ಇಂಚಿಗೆ ಒತ್ತಿದರೆ ಕಾದು ಸುಟ್ಟುಹೋಗುತ್ತದೆ. ಎಣ್ಣೆಯನ್ನು ತಣಿಸಿ ಮತ್ತೆ ತಿರುಗಿಸುವ ಏರ್ಪಾಡಿರುವ ಹೊಸ ಬಗೆಯ ರೆಕ್ಕೆಯ ಪಂಪುಗಳು ಆ ಭಾರವನ್ನು ತಡೆಯುತ್ತವೆ. ಹಳೆಯದನ್ನು ಕೊಳ್ಳುವವನು ಅದು 15ರ ಯಂತ್ರವೋ 25ರ ಯಂತ್ರವೋ ಎಂದು ಮೊದಲೇ ವಿಚಾರಿಸಬೇಕು.

ಮೂರನೆಯದು ದ್ರವವಲಯದ ಪಂಪು. ಇದರ ಕಲ್ಪನೆ ಬಹು ಸುಂದರ. ಗುಂಡನೆಯ ಗೂಡಿನಲ್ಲಿ ಮಧ್ಯಕ್ಕೆ ಸರಿಯಾಗಿಲ್ಲದೆ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಚಕ್ರ ತಿರುಗುತ್ತದೆ. ಗೂಡಿನಲ್ಲಿರುವ ನೀರು ಅದರ ವೇಗಕ್ಕೆ ಅಂಚಿಗೆ ಚಿಮ್ಮಿ ಬಳೆಯಂತೆ ನಿಲ್ಲುತ್ತದೆ. ಚಕ್ರದ ಅರಗಳ ನಡುವಿನ ಜಾಗ ಒಂದು ಕಡೆ ಹಿಗ್ಗುತ್ತ, ಇನ್ನೊಂದು ಕಡೆ ಕುಗ್ಗುತ್ತ ಗಾಳಿಯನ್ನು ಸಾಗಿಸುತ್ತದೆ. ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಸ್ವಲ್ಪ ತೇವ ಒಳಗೆ ಬಂದರೂ ಕೆಡುವುದಿಲ್ಲ. ಹಗಲೂ ರಾತ್ರಿ ದುಡಿಯುತ್ತದೆ. ಆದರೆ ನೀರು ಬಿಸಿಯಾದರೆ ಅದರ ಆವಿಯೇ ಜಾಗ ತುಂಬಿ ನಿರ್ವಾತ ಇಳಿಯುತ್ತದೆ. ಆದುದರಿಂದ ತಣ್ಣೀರು ಒದಗುತ್ತಿರಬೇಕು. ಚಳಿಗೆ ಆ ನೀರು ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳಬೇಕು. ನೀರಿಗೆ ಬದಲು ಎಣ್ಣೆ ಬಳಸುವವೂ ಇವೆ. ವಿದ್ಯುತ್ತಿನ ಖರ್ಚು ಮಾತ್ರ ಹೆಚ್ಚು.

ನಾಲ್ಕನೆಯದು ಪಂಜದ ಪಂಪು. ಕೊಕ್ಕೆಯಾಕಾರದ ಎರಡು ಉರುಳೆಗಳು ಒಂದನ್ನೊಂದು ಮುಟ್ಟದೆ ಹತ್ತಿರ ಹತ್ತಿರ ತಿರುಗುತ್ತವೆ. ಗಾಳಿಯ ಹಾದಿಯಲ್ಲಿ ಎಣ್ಣೆಯಿಲ್ಲ. ಬೇಕಾದಷ್ಟೇ ವೇಗಕ್ಕೆ ತಿರುಗಿಸುವ ನಿಯಂತ್ರಕವನ್ನು ಜೋಡಿಸಿದರೆ ವಿದ್ಯುತ್ತು ಬಹಳ ಉಳಿಯುತ್ತದೆ. ಬೆಲೆಯೋ, ನಾಲ್ಕರಲ್ಲಿ ಮೇಲಿನದು. ರಸವೇನಾದರೂ ಒಳಗೆ ನುಗ್ಗಿದರೆ ಹಾನಿಯೂ ದೊಡ್ಡದು. ಸಾವಿರಾರು ರಂಧ್ರಗಳ ತೋಪಿನವರಿಗೆ ಇದು ಒಪ್ಪುತ್ತದೆ. ನಮ್ಮ 400 ರಂಧ್ರದ ರೈತನಿಗೆ ಇದು ಆನೆಯನ್ನು ಕಟ್ಟಿ ಸೌದೆ ಹೊರಿಸಿದಂತೆ.

ಜಾತಿಯನ್ನು ಗೊತ್ತುಮಾಡಿಕೊಂಡ ಮೇಲೆ ಗಾತ್ರ. ಪಂಪಿನ ಶಕ್ತಿಯನ್ನು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತೆಗೆಯುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 100 ರಂಧ್ರಕ್ಕೆ 1 ಘನ ಅಡಿ ಎಂಬುದು ರೂಢಿಯ ಸೂತ್ರ. 400 ರಂಧ್ರಕ್ಕೆ 4. ಸೋರಿಕೆಗೂ ಮುಂದೆ ಬೆಳೆಯುವ ಆಸೆಗೂ ಇನ್ನಷ್ಟು ಸೇರಿಸಿಕೊಳ್ಳಬಹುದು. ಮಾರುವವನು ಮರೆಸುವುದೂ ಕೊಳ್ಳುವವನು ಕೇಳಲು ಮರೆಯುವುದೂ ಇಲ್ಲಿಯೇ. ಒಂದು ಪಂಪು 10 ಘನ ಅಡಿಯದೆಂದರೆ ಎಷ್ಟು ಇಂಚಿನಲ್ಲಿ 10? ನಿರ್ವಾತ ಹೆಚ್ಚಿದಂತೆ ಗಾಳಿ ಹಿಗ್ಗುತ್ತದೆ. ಸೋರಿಕೆಯಿಂದ ಹೊರಗಿನ 1 ಘನ ಅಡಿ ಗಾಳಿ ಒಳಹೊಕ್ಕರೆ ಅದು 15 ಇಂಚಿನಲ್ಲಿ 2 ಘನ ಅಡಿಯಾಗುತ್ತದೆ. 25 ಇಂಚಿನಲ್ಲಿ 6 ಘನ ಅಡಿಯಾಗುತ್ತದೆ. ಪಂಪು ಅಷ್ಟನ್ನೂ ಹೊರಹಾಕಬೇಕು. ಆದುದರಿಂದ 15ರಲ್ಲಿ ಧಾರಾಳವಾಗಿದ್ದ ಯಂತ್ರ 25ರಲ್ಲಿ ಏದುಸಿರು ಬಿಡುತ್ತದೆ. ಯಾವ ಇಂಚಿನಲ್ಲಿ ಎಷ್ಟು, ಆ ಲೆಕ್ಕ ಹಿಗ್ಗಿದ ಗಾಳಿಯದೋ ಹೊರಗಿನ ಗಾಳಿಯದೋ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಯಂತ್ರದ ರೇಖಾಚಿತ್ರವನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಎಣಿಸುವುದು ವಿವೇಕ.

ಪಂಪಿನ ಜೊತೆಗೆ ಇನ್ನೆರಡು ಸಲಕರಣೆ. ರಸ ಬರುವುದು ನಿರ್ವಾತದ ಕೊಳವೆಯಲ್ಲಿ. ಹೋಗಬೇಕಾದದ್ದು ತೆರೆದ ತೊಟ್ಟಿಗೆ. ನಿರ್ವಾತವನ್ನು ಕಳೆದುಕೊಳ್ಳದೆ ರಸವನ್ನು ಮಾತ್ರ ಹೊರಬಿಡುವ ಪಾತ್ರೆಗೆ ರಿಲೀಸರ್ ಎನ್ನುತ್ತಾರೆ, ಬಿಡುಗಡೆಯ ಗಡಿಗೆಯೆನ್ನಬಹುದು. ಒಂದು ಬಗೆ ತೇಲುಗುಂಡಿನಿಂದ ತಾನೇ ತುಂಬಿ ತಾನೇ ಬರಿದಾಗುವಂಥದು. ಅದು ಬರಿದಾಗುವಾಗಲೆಲ್ಲ ಒಂದಿಷ್ಟು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಬಗೆ ವಿದ್ಯುತ್ ಪಂಪಿನಿಂದ ರಸವನ್ನು ಎತ್ತಿಹಾಕುವಂಥದು; ಎತ್ತರದ ತೊಟ್ಟಿಗೂ ಕಳುಹಿಸಬಲ್ಲದು, ಆದರೆ ವಿದ್ಯುತ್ತು ನಿಂತರೆ ತಾನೂ ನಿಲ್ಲುತ್ತದೆ. ಗಡಿಗೆ ತುಂಬಿ ಉಕ್ಕಿದಾಗ ರಸ ಪಂಪಿನೊಳಗೆ ನುಗ್ಗದಂತೆ ನಡುವೆ ಒಂದು ತೇವಬಲೆಯಿರಬೇಕು. ಅದರ ಖರ್ಚು ಅಲ್ಪ. ಅದನ್ನು ಬಿಟ್ಟವನಿಗೆ ಪಂಪಿನ ಖರ್ಚೇ ಎರಡನೆಯ ಸಲ ಬರುತ್ತದೆ. ಅಂತೆಯೇ ಮನೆಯಲ್ಲಿರುವ ಯಾವುದೋ ಪ್ಲಾಸ್ಟಿಕ್ ಪೀಪಾಯಿಯನ್ನು ನಿರ್ವಾತದ ಪಾತ್ರೆಯಾಗಿ ಬಳಸಕೂಡದು. ಹೊರಗಿನ ಗಾಳಿಯ ಭಾರಕ್ಕೆ ಅದು ಒಳಮುಖವಾಗಿ ಜಜ್ಜಿಹೋಗುತ್ತದೆ. ಅದಕ್ಕೆಂದೇ ಮಾಡಿದ ಗಟ್ಟಿ ಪಾತ್ರೆಯೇ ಆಗಬೇಕು.

ಈಗ ಅತಿ ಮುಖ್ಯವಾದ ಮಾತು. ಇಷ್ಟೆಲ್ಲವನ್ನೂ ತಂದು ನಿಲ್ಲಿಸಿದ ಮೇಲೆ ನಿರ್ವಾತವನ್ನು ಎಲ್ಲಿ ಅಳೆಯಬೇಕು? ಪಂಪಿನ ಪಕ್ಕದಲ್ಲಿರುವ ಮಾಪಕ ಹೊಗಳುಭಟ್ಟನಿದ್ದಂತೆ. ಯಜಮಾನನಿಗೆ ಹಿತವಾದದ್ದನ್ನೇ ಹೇಳುತ್ತದೆ. ನಿಜ ಹೇಳುವುದು ತೋಪಿನ ಕೊನೆಯ ಮರದ ಬಳಿ ಇಟ್ಟ ಮಾಪಕ. ಪಂಪಿನ ಹತ್ತಿರ 26 ಇದ್ದು ಕೊನೆಯ ಮರದಲ್ಲಿ 12 ಇದ್ದರೆ ಅದು ಸೋರಿಕೆಯ ಕಥೆ, ಇಲ್ಲವೇ ಕೊಳವೆ ಜೋಲಿ ರಸ ನಡುವೆ ನಿಂತ ಕಥೆ. ಹೆಗ್ಗೊಳವೆಯನ್ನು ಬಿಗಿಯಾಗಿ, 100 ಅಡಿಗೆ ಕನಿಷ್ಠ 2 ಅಡಿ ಇಳಿಯುವಂತೆ ತಂತಿಗೆ ಕಟ್ಟಬೇಕು. ಒಂದೊಂದು ಕವಲುಗೊಳವೆಗೆ ಐದಾರು ರಂಧ್ರ ಸಾಕು. ಸೋರಿಕೆಗೆ ಒಂದು ಕಾರಣ ಅಲ್ಲಿಯ ಅಳಿಲು. ಉಪ್ಪಿನ ರುಚಿಗೆ ಅದು ಕೊಳವೆಯನ್ನು ಕಡಿಯುತ್ತದೆ. ಸೋಡಿಯಮ್ ಇರುವ ಬಿಳುಪಿನ ದ್ರಾವಣದಿಂದ ಕೊಳವೆ ತೊಳೆದರೆ ಅದಕ್ಕೆ ಊಟಕ್ಕೆ ಕರೆದಂತೆ. ಕ್ಯಾಲ್ಸಿಯಮ್‌ನಿಂದ ಆದ ಪುಡಿ ಅಷ್ಟಾಗಿ ಸೆಳೆಯುವುದಿಲ್ಲ. ಏನಿದ್ದರೂ ರಸ ಹರಿಯುವ ದಿನ ಮೊಣಕಾಲುದ್ದದ ಹಿಮದಲ್ಲಿ ಕೊಳವೆಯ ಉದ್ದಕ್ಕೂ ನಡೆದು, ಸುಯ್ಯೆಂಬ ಸದ್ದಿಗೆ ಕಿವಿಗೊಟ್ಟು, ತೂತು ಹುಡುಕುವ ಮನುಷ್ಯ ಬೇಕೇಬೇಕು. ಅಂಥವನಿಲ್ಲದ ತೋಪಿಗೆ ದೊಡ್ಡ ಪಂಪು ತಂದರೆ ಒಡಕು ಕೊಡಕ್ಕೆ ದೊಡ್ಡ ಬಾವಿ ತೋಡಿದಂತೆ. ಪ್ರತಿ ವರ್ಷ ರಂಧ್ರದ ಬಾಯಿಗೆ ಹೊಸ ಮೂತಿಯನ್ನು ಹಾಕುವುದರಿಂದಲೂ ರಸ ಹೆಚ್ಚುತ್ತದೆ. ಹಳೆಯ ಮೂತಿಯ ಲೋಳೆ ರಂಧ್ರವನ್ನು ಬೇಗ ಮುಚ್ಚಿಬಿಡುತ್ತದೆ. ಕೆಲವೇ ಕಾಸಿನ ಈ ಮೂತಿ ಕೊಡುವ ಲಾಭವನ್ನು ಎಷ್ಟೋ ವೇಳೆ ದುಬಾರಿ ಯಂತ್ರವೂ ಕೊಡಲಾರದು.

ಕೊನೆಯದಾಗಿ ಮರದ ಪರವಾಗಿ ಒಂದು ಪ್ರಶ್ನೆ. ಇಮ್ಮಡಿ ರಸ ತೆಗೆದರೆ ಮರಕ್ಕೆ ನೋವಿಲ್ಲವೆ? ವರ್ಮಾಂಟ್ ವಿಶ್ವವಿದ್ಯಾನಿಲಯ 1946ರಲ್ಲಿ ಅಂಡರ್‌ಹಿಲ್ ಎಂಬಲ್ಲಿ ಸ್ಥಾಪಿಸಿದ ಪ್ರಾಕ್ಟರ್ ಮೇಪಲ್ ಸಂಶೋಧನ ಕೇಂದ್ರದಲ್ಲಿ ಇದನ್ನು ಬಹುಕಾಲ ಪರೀಕ್ಷಿಸಿದ್ದಾರೆ. ಸರಿಯಾಗಿ ನಡೆಸಿದರೆ ನಿರ್ವಾತದಿಂದ ರಂಧ್ರದ ಗಾಯ ದೊಡ್ಡದಾಗುವುದಿಲ್ಲ, ರಸದ ಗುಣ ಕೆಡುವುದಿಲ್ಲ ಎಂಬುದು ಅವರ ಅನುಭವ. ಮರಕ್ಕೆ ಹಾನಿ ಮಾಡುವುದು ನಿರ್ವಾತವಲ್ಲ, ಅಳತೆಗೆಟ್ಟ ಬೈರಿಗೆ. ರಂಧ್ರ ಹಾಕಿದ ಕಡೆ ಮೇಲೆ ಕೆಳಗೆ ಉದ್ದಕ್ಕೆ ಕಾಂಡದ ಒಂದು ಪಟ್ಟಿ ಕಂದಾಗುತ್ತದೆ. ಅಲ್ಲಿ ಮತ್ತೆಂದೂ ರಸ ಹರಿಯುವುದಿಲ್ಲ. ಮುಂದಿನ ವರ್ಷದ ರಂಧ್ರ ಅದರಿಂದ ದೂರವಿರಬೇಕು. ಮರ ಪ್ರತಿ ವರ್ಷ ಹೊಸ ಮರವನ್ನು ತನ್ನ ಮೈಗೆ ಸುತ್ತಿಕೊಳ್ಳುವಷ್ಟು ಆರೋಗ್ಯವಾಗಿರಬೇಕು. ಆದುದರಿಂದ ಹತ್ತು ಹನ್ನೆರಡು ಇಂಚು ದಪ್ಪವಾಗದ ಮರವನ್ನು ಮುಟ್ಟಬಾರದು. ಒಂದೂವರೆ ಇಂಚಿಗಿಂತ ಬಹಳ ಆಳಕ್ಕೆ ಕೊರೆಯಬಾರದು. ಒಂದು ಮರಕ್ಕೆ ಒಂದು ರಂಧ್ರ, ಬಹು ದೊಡ್ಡದಾದರೆ ಎರಡು. ನಿಜ ನೋಡಿದರೆ ಒಳ್ಳೆಯ ನಿರ್ವಾತ ಮರಕ್ಕೆ ಉಪಕಾರಿಯೇ. ಒಂದು ರಂಧ್ರದಿಂದ ಬೇಕಾದಷ್ಟು ಬರುತ್ತಿರುವಾಗ ಎರಡನೆಯದನ್ನು ಕೊರೆಯುವ ಆಸೆ ಹುಟ್ಟುವುದಿಲ್ಲ.

ಹಾಗಾದರೆ ನಮ್ಮ ರೈತ ಏನು ಮಾಡಬೇಕು? ಐವತ್ತು ಮರಗಳಿಗೆ ಬಕೆಟ್ಟೇ ಸಾಕು. ಅವನ 400 ರಂಧ್ರಗಳ ತೋಪು ಕಡಿದಾದ ಇಳಿಜಾರಿನಲ್ಲಿದ್ದರೆ ಸಣ್ಣ ಕೊಳವೆ ಹಾಕಿ ಬೆಟ್ಟವನ್ನೇ ಪಂಪಾಗಿ ಮಾಡಿಕೊಳ್ಳಲಿ. ಸಮನೆಲವಾಗಿದ್ದು ವಿದ್ಯುತ್ತು ದೂರವಿದ್ದರೆ ಡಯಾಫ್ರಮ್ ಪಂಪು. ವಿದ್ಯುತ್ತು ಹತ್ತಿರವಿದ್ದರೆ ಎಣ್ಣೆ ತಣಿಸುವ ಸಣ್ಣ ರೆಕ್ಕೆಯ ಪಂಪು. ಸಾವಿರಗಳ ಲೆಕ್ಕಕ್ಕೆ ಹೋದ ಮೇಲೆ ದ್ರವವಲಯ, ಪಂಜಗಳ ಯೋಚನೆ. ಯಾವುದನ್ನು ಕೊಂಡರೂ ಒಲೆಯನ್ನು ಮೊದಲು ನೋಡಿ, ಕೊಳವೆಯನ್ನು ಆಮೇಲೆ ಬಿಗಿಮಾಡಿ, ಪಂಪನ್ನು ಕೊನೆಗೆ ಕೊಳ್ಳಲಿ. ಬಹುಮಂದಿ ಈ ಕ್ರಮವನ್ನು ತಲೆಕೆಳಗು ಮಾಡುವುದರಿಂದಲೇ ಸಾಲ ಉಳಿದು ರಸ ಸೋರುತ್ತದೆ.

ಒಂದು ಮೇಪಲ್ ಸಸಿ ರಸ ಕೊಡುವ ಗಾತ್ರಕ್ಕೆ ಬರಲು ಸುಮಾರು 40 ವರ್ಷ ಹಿಡಿಯುತ್ತದೆ. ಇಂದು ರಸ ತೆಗೆಯುವವನು ಅನೇಕ ವೇಳೆ ತನ್ನ ತಂದೆಯೋ ತಾತನೋ ಕಾಪಾಡಿದ ಮರದಿಂದ ತೆಗೆಯುತ್ತಿರುತ್ತಾನೆ. ಯಂತ್ರದ ಆಯುಸ್ಸು ಹತ್ತು ಹದಿನೈದು ವರ್ಷ. ಮರದ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ದೊಡ್ಡದು. ಕೊಳ್ಳುವ ಯಂತ್ರ ಮರಕ್ಕೆ ಒಪ್ಪುವಂತಿರಬೇಕೇ ಹೊರತು, ಯಂತ್ರದ ಸಾಲ ತೀರಿಸುವುದಕ್ಕಾಗಿ ಮರಕ್ಕೆ ಮೇಲಿಂದ ಮೇಲೆ ರಂಧ್ರ ಹಾಕುವಂತಾಗಬಾರದು. ತೆಂಗಿನ ತೋಟಕ್ಕಾಗಲಿ, ಕಬ್ಬಿನ ಗದ್ದೆಗಾಗಲಿ ಹೊಸ ಯಂತ್ರವನ್ನು ತರಲು ಹೊರಟಿರುವ ನಮ್ಮವರಿಗೂ ಈ ಮಾತು ಒಪ್ಪೀತೆಂದು ನನ್ನ ನಂಬಿಕೆ.